ಕಾಲೇಜು ಅಂದರೆ ಬಿಡುವು

ನನ್ನ ಗೆಳತಿಯನ್ನು ವಿಭಾಗದಲ್ಲಿ ಎಲ್ಲರೂ ಬಾಣಕ್ಕ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವನು ನಮ್ಮ ಅಟೆಂಡರ್. ಬೆಳಿಗ್ಗೆ ಕಸ ಗುಡಿಸಲು ಬಂದಾಗ ಅವಳ ಮೇಜಿನ ಕೆಳಗೆ ಅವನಿಗೆ ಸಿಗುತ್ತಿದ್ದ ಕಾಗದಗಳಲ್ಲೆಲ್ಲ ಚೌಕಗಳು, ಚೌಕದಿಂದ ಚೌಕಕ್ಕೆ ಬಾಣಗಳು. "ಈ ಅಕ್ಕ ಯಾರ ಮೇಲೆ ಯುದ್ಧಕ್ಕೆ ಹೊರಟಿದಾರೆ?" ಎಂದು ನನ್ನನ್ನು ಕೇಳಿದ್ದ. ಅವಳು ಬಾಣ ಬರೆಯುವ ರೀತಿಯೂ ಬೇರೆ. ನಾವೆಲ್ಲ ಗೆರೆ ಎಳೆದು ಕೊನೆಗೆ ಮೊನೆ ಹಾಕಿದರೆ ಅವಳು ಮೊದಲು ಮೊನೆ ಹಾಕಿ, ಆಮೇಲೆ ಹಿಂದಕ್ಕೆ ಗೆರೆ ಎಳೆಯುತ್ತಿದ್ದಳು.

ಅವಳು ಹೋಗಿ ಎರಡು ತಿಂಗಳಾಗುತ್ತ ಬಂತು. ಅವಳ ಬಗ್ಗೆ ಬರೆಯಲು ಕೂತಾಗಲೆಲ್ಲ ದೊಡ್ಡ ದೊಡ್ಡ ಮಾತುಗಳು ಬರುತ್ತವೆ. ಅವಳಿಗೆ ಅಂಥವು ಆಗುತ್ತಿರಲಿಲ್ಲ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾವಿಬ್ಬರೂ ಸಂಶೋಧನೆಗೆ ಸೇರಿಕೊಂಡವರು. ನಮಗೆ ಕೊಟ್ಟಿದ್ದ ಕೋಣೆ ಮೊದಲು ಮುರಿದ ಬೆಂಚುಗಳನ್ನು ಇಡುವ ಜಾಗವಾಗಿತ್ತು. ಎರಡು ಮೇಜು, ಎರಡು ಕುರ್ಚಿ, ಒಂದು ಕಿಟಕಿ. ಕಿಟಕಿ ತೆರೆದರೆ ಕೈಗೆ ತಾಕುವಷ್ಟು ಹತ್ತಿರದಲ್ಲಿ ಹೊಸ ಕಟ್ಟಡದ ಹಿಂಗೋಡೆ. ಬೆಳಕು ಬರಲೆಂದು ಇಟ್ಟ ಕಿಟಕಿಯಲ್ಲಿ ಸಿಮೆಂಟು ಮಾತ್ರ ಕಾಣುತ್ತಿತ್ತು. "ಗೋಡೆಗೂ ನಮ್ಮನ್ನ ನೋಡಿ ಬೇಜಾರಾಗಿರುತ್ತೆ ಕಣೆ, ಮುಚ್ಚಿಬಿಡು" ಎನ್ನುತ್ತಿದ್ದಳು.

ಅವಳ ವಿಷಯವನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ಕೆಲವು ವೆಬ್ ಪುಟಗಳು ಎಲ್ಲರಿಗೂ ಒಂದೇ ಥರ ಕಾಣುತ್ತವೆ. ಇನ್ನು ಕೆಲವು ತೆರೆದವರು ಯಾರು, ಎಲ್ಲಿದ್ದಾರೆ, ಹೊತ್ತು ಯಾವುದು, ಕೈಯಲ್ಲಿರುವುದು ಫೋನೋ ಕಂಪ್ಯೂಟರೋ ಎಂದು ನೋಡಿಕೊಂಡು ಬದಲಾಗುತ್ತವೆ. ಸಂದರ್ಭವನ್ನು ಅರಿತು ನಡೆಯುವ ಪುಟಗಳು. ಇಂಥವನ್ನು ಏಕಾಏಕಿ ಬರೆಯಲು ಕೂತರೆ ಗೋಜಲಾಗುತ್ತದೆ. ಮನೆ ಕಟ್ಟುವ ಮೊದಲು ನಕ್ಷೆ ಹಾಕಿದಂತೆ ಮೊದಲು ಮಾದರಿ ಬರೆಯಬೇಕು. ಮಾದರಿ ಬರೆಯಲು ಹತ್ತಾರು ವಿಧಾನಗಳಿವೆ, ಪ್ರತಿಯೊಂದನ್ನು ಕಂಡುಹಿಡಿದವರೂ ತಮ್ಮದೇ ಒಳ್ಳೆಯದೆನ್ನುತ್ತಾರೆ. ಅದರಲ್ಲಿ ಮೂರನ್ನು ಆರಿಸಿಕೊಂಡು ಹೋಲಿಸುವುದು ಅವಳ ಕೆಲಸ. ಒಂದು, ಮೊದಲು ಪುಟಗಳನ್ನು ಬರೆದು ಯಾವ ಪುಟ ಯಾವಾಗ ಹೇಗೆ ಬದಲಾಗಬೇಕೆಂದು ಆಯಾ ಪುಟದ ಮೇಲೇ ಗುರುತು ಹಾಕುವುದು. ಎರಡು, ಆಗಬೇಕಾದ ಕೆಲಸಗಳನ್ನು ಮೊದಲು ಬರೆದು ಯಾವುದು ಯಾರಿಗೆ ಹೋಗಬೇಕೆಂದು ಬಾಣ ಎಳೆಯುವುದು. ಮೂರು, ಪುಟವನ್ನೂ ಕೆಲಸವನ್ನೂ ಬದಿಗಿಟ್ಟು ಸಂದರ್ಭಗಳನ್ನೇ ಬೇರೆಯಾಗಿ ಸಾಲು ಸಾಲಾಗಿ ಬರೆಯುವುದು, ಇಂಥವರು ಇಂಥ ಜಾಗದಲ್ಲಿದ್ದರೆ ಇಂಥ ಸ್ಥಿತಿ ಎಂದು.

ಆ ವರ್ಷದ ಕೊನೆಗೆ ಅವಳ ನೋಂದಣಿಯ ಅವಧಿ ಮುಗಿಯುತ್ತಿತ್ತು. ಆಗಲೇ ಒಮ್ಮೆ ಮುಂದಕ್ಕೆ ಹಾಕಿಸಿಕೊಂಡಿದ್ದಳು, ಮತ್ತೆ ಹಾಕುವಂತಿರಲಿಲ್ಲ. ಅಷ್ಟರೊಳಗೆ ಪ್ರಬಂಧ ಒಪ್ಪಿಸಿದರೆ ನಮ್ಮ ಕಾಲೇಜಿನಲ್ಲೇ ಪಾಠ ಹೇಳುವ ಕಾಯಂ ಕೆಲಸ ಸಿಗುತ್ತಿತ್ತು. ಒಪ್ಪಿಸದಿದ್ದರೆ ಇಷ್ಟು ವರ್ಷ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಕೆಲಸ ಸಿಕ್ಕರೆ ಏನು ಮಾಡುತ್ತೀಯ ಎಂದು ಒಮ್ಮೆ ಕೇಳಿದ್ದೆ. "ಬೆಳಿಗ್ಗೆ ಚಪ್ಪಲಿ ಹಾಕ್ಕೊಂಡು, ಬರ್ತೀನಿ ಅಂತ ಹೇಳಿ ಬರ್ತೀನಿ. ಹೋಗಿ ಬರಲಾ ಅಂತ ಕೇಳಲ್ಲ" ಅಂದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಮನೆಯಲ್ಲಿ ಅವಳ ಅತ್ತೆ ಹಾಸಿಗೆ ಹಿಡಿದಿದ್ದರು. ಸೊಂಟದಿಂದ ಕೆಳಗೆ ಸ್ವಾಧೀನ ಇರಲಿಲ್ಲ. ತಲೆ ಮಾತ್ರ ನಮಗಿಂತ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಮಗ್ಗುಲು ತಿರುಗಿಸಲು, ನೀರು ಕೊಡಲು, ಮಾತ್ರೆ ಕೊಡಲು, ಕೆಲವೊಮ್ಮೆ ಸುಮ್ಮನೆ ಒಬ್ಬರು ಪಕ್ಕದಲ್ಲಿ ಕೂರಲು ಜನ ಬೇಕು. ಮನೆಯಲ್ಲಿದ್ದವರು ಮೂವರು. ಅವಳು, ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ಅವಳ ಗಂಡ, ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದ ನಾದಿನಿ. ಕಾಲೇಜು, ಕಚೇರಿ, ಅಂಗಡಿ ಮೂರೂ ಮನೆಯಿಂದ ನಡೆದು ಹೋಗುವಷ್ಟು ದೂರ. ಅಳೆದರೆ ಕಚೇರಿಯೇ ಹತ್ತಿರ.

ಹೋಲಿಸುವುದಕ್ಕೆ ಒಂದು ಉದಾಹರಣೆ ಬೇಕು. ಒಂದೇ ಪುಟವನ್ನು ಮೂರು ವಿಧಾನದಲ್ಲೂ ಮಾಡಿ ನೋಡಬೇಕು. ಈ ವಿಷಯದಲ್ಲಿ ಬರೆದವರು ಹೆಚ್ಚಾಗಿ ತೆಗೆದುಕೊಳ್ಳುವುದು ಮ್ಯೂಸಿಯಂ. ನೋಡಲು ಬಂದವನು ಯಾವ ವಿಗ್ರಹದ ಮುಂದೆ ನಿಂತರೆ ಅವನ ಫೋನಿನಲ್ಲಿ ಆ ವಿಗ್ರಹದ ಕಥೆ ಬರುತ್ತದೆ. ಅವಳಿಗೆ ಅದು ಸಾಕಾಗಿತ್ತು. "ಎಲ್ಲರೂ ಮ್ಯೂಸಿಯಮ್ಮಿಗೇ ಹೋಗ್ತಾರೆ. ಅಲ್ಲಿಗೆ ಬರೋನಿಗೆ ಹಸಿವಿಲ್ಲ, ಆತುರ ಇಲ್ಲ, ಮನೇಲಿ ಅತ್ತೆ ಇಲ್ಲ. ಅವನಿಗೆ ಯಾವ ವಿಧಾನ ಆದ್ರೂ ನಡೆಯುತ್ತೆ" ಅಂದಳು. ಅತ್ತೆಯ ಹಾಸಿಗೆಯ ಪಕ್ಕ ಒಂದು ಗುಂಡಿ ಇಟ್ಟು, ಅದನ್ನು ಒತ್ತಿದರೆ ಮನೆಯವರಲ್ಲಿ ಬಿಡುವಾಗಿರುವವರ ಫೋನಿಗೆ ಗಂಟೆ ಹೋಗುವಂತೆ ಒಂದು ಪುಟ ಮಾಡಲು ಹೊರಟಳು. ಯಾರು ಎಲ್ಲಿದ್ದಾರೆಂಬುದನ್ನು ಪುಟ ಅವರವರ ಫೋನಿನಿಂದಲೇ ತಿಳಿದುಕೊಳ್ಳುತ್ತದೆ. ಗಂಟೆ ಬಂದವರು 'ಬಂದೆ' ಎಂಬುದನ್ನು ಒತ್ತಿದರೆ ಅದು ನಿಲ್ಲುತ್ತದೆ.

ಒಂದು ಭಾನುವಾರ ಎಲ್ಲರೂ ನಡುಮನೆಯಲ್ಲಿ ಕೂತೆವು. ಯಾರು ಎಲ್ಲಿದ್ದರೆ ಬಿಡುವು, ಎಲ್ಲಿದ್ದರೆ ಕೆಲಸ ಎಂದು ಕೇಳಿ ಬರೆದುಕೊಳ್ಳಬೇಕಾಗಿತ್ತು. ಅವಳು ಕೇಳುವುದು, ನಾನು ಬರೆಯುವುದು.

"ನಿಮ್ಮ ಆಫೀಸು?" ಎಂದು ಗಂಡನನ್ನು ಕೇಳಿದಳು.

"ಆಫೀಸಲ್ಲಿ ಬಿಡುವೆಲ್ಲಿಂದ ಬರುತ್ತೆ? ಕೆಲಸ ಅಂತ ಹಾಕು."

"ಊಟದ ಹೊತ್ತಲ್ಲಿ?"

"ಅದೂ ಕೆಲಸ ಅಂತಲೇ ಇರಲಿ."

ನಾದಿನಿ ನಕ್ಕಳು. "ಅಣ್ಣನಿಗೆ ಊಟವೇ ದೊಡ್ಡ ಕೆಲಸ ಅತ್ತಿಗೆ, ಹಾಕ್ಬಿಡಿ. ನನ್ನ ಅಂಗಡೀನೂ ಕೆಲಸ. ಕತ್ತರಿ ಕೈಲಿರುವಾಗ ಗಂಟೆ ಹೊಡೆದರೆ ಯಾರದೋ ತೋಳು ಗಿಡ್ಡ ಆಗುತ್ತೆ."

"ನನ್ನ ಕಾಲೇಜು?"

ಗಂಡ ಸ್ವಲ್ಪವೂ ಯೋಚಿಸಲಿಲ್ಲ. ಕೆಟ್ಟ ಮನಸ್ಸಿನಿಂದಲೂ ಹೇಳಲಿಲ್ಲ. "ಅದು ಓದು ತಾನೆ? ಓದು ಯಾವಾಗ ಬೇಕಾದ್ರೂ ಮಡಚಿಡಬಹುದು. ಬಿಡುವು ಅಂತ ಹಾಕು."

ಒಳಕೋಣೆಯಿಂದ ಅತ್ತೆಯ ಧ್ವನಿ ಬಂತು. "ನನ್ನನ್ನ ಏನಂತ ಹಾಕ್ತೀರೋ? ಹಾಸಿಗೆ ಅಂದ್ರೆ ಕೆಲಸವೋ ಬಿಡುವೋ?"

ಎಲ್ಲರೂ ನಕ್ಕರು, ಅವಳೂ ನಕ್ಕಳು. ಆ ನಗುವಿನ ನಡುವೆ ನಾನು ಕಾಲೇಜಿನ ಮುಂದೆ ಬಿಡುವು ಎಂದು ಬರೆದೆ. ಮುಂದಿನದು ಅಡುಗೆಮನೆ. ಅದನ್ನು ಯಾರೂ ಕೇಳಲೂ ಇಲ್ಲ, ಹೇಳಲೂ ಇಲ್ಲ.

ಎರಡು ಸಣ್ಣ ನಿಯಮಗಳನ್ನು ಅವಳೇ ಸೇರಿಸಿದಳು. ಇಬ್ಬರು ಬಿಡುವಾಗಿದ್ದರೆ ಹಿಂದಿನ ಸಲ ಬಂದವರಿಗೇ ಮೊದಲು ಗಂಟೆ ಹೋಗಬೇಕು. ಅವರಿಗೆ ಅತ್ತೆಗೆ ಏನಾಗಿದೆಯೆಂಬುದು ಗೊತ್ತಿರುತ್ತದೆ. ಇನ್ನೊಂದು, ಒಬ್ಬರ ಬಿಡುವನ್ನು ಕೆಲಸವೆಂದು ಬದಲಿಸಿದರೆ ಆ ಹೊತ್ತಿನ ಗಂಟೆ ಬೇರೆಯವರ ಮೇಲೆ ಬೀಳುತ್ತದೆ. ಹಾಗಾಗಿ ಯಾರ ಮೇಲೆ ಬೀಳುತ್ತದೋ ಅವರು ತಮ್ಮ ಪುಟದಲ್ಲಿ ಒಪ್ಪಿಗೆ ಒತ್ತಬೇಕು. ಒತ್ತುವವರೆಗೆ ಹಳೆಯದೇ ನಡೆಯುತ್ತದೆ. "ಇಲ್ಲದಿದ್ರೆ ಒಬ್ಬರಿಗೆ ಗೊತ್ತಿಲ್ಲದ ಹಾಗೆ ಇನ್ನೊಬ್ಬರು ಜಾರಿಕೊಂಡು, ಮುದುಕಿ ಒಂಟಿಯಾಗಿಬಿಡ್ತಾರೆ" ಎಂದು ನನಗೆ ವಿವರಿಸಿದಳು.

ಪುಟ ಚೆನ್ನಾಗಿ ನಡೆಯಿತು. ಅತ್ತೆಗೆ ಗುಂಡಿಯ ಮೇಲೆ ಪ್ರೀತಿಯೇ ಬಂತು. ಮೊದಲೆಲ್ಲ ಕೂಗಿ ಕೂಗಿ ಗಂಟಲು ಬೀಳುತ್ತಿತ್ತು. ಈಗ ಒಂದು ಬೆರಳು ಸಾಕು. ಕಾಲೇಜಿನ ನಮ್ಮ ಕೋಣೆಯಲ್ಲಿ ಅವಳ ಫೋನು ಹೊಡೆದುಕೊಳ್ಳುವುದು, ಅವಳು 'ಬಂದೆ' ಒತ್ತಿ, ಬರೆಯುತ್ತಿದ್ದ ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಏಳುವುದು. ಒಮ್ಮೆ ಹೋಗಿ ನೋಡಿದರೆ ಅತ್ತೆಗೆ ಹೊತ್ತು ಎಷ್ಟಾಯಿತೆಂದು ತಿಳಿಯಬೇಕಾಗಿತ್ತಂತೆ. "ಗೋಡೆ ಮೇಲೆ ಗಡಿಯಾರ ಇದೆಯಲ್ಲ ಅತ್ತೆ?" ಅಂದರೆ, "ಅದು ನಿಂತುಹೋಗಿದೆಯೇನೋ ಅಂತ ಅನುಮಾನ ಬಂತು. ನೀನು ನಿಲ್ಲಲ್ವಲ್ಲ, ಅದಕ್ಕೆ ನಿನ್ನ ಕೇಳಿದೆ" ಅಂದರಂತೆ. ಇದನ್ನು ನನಗೆ ಹೇಳುವಾಗ ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಅರ್ಧಕ್ಕೆ ಬಿಟ್ಟ ವಾಕ್ಯವನ್ನು ನೋಡಿದಳು. ಏನು ಬರೆಯಹೊರಟಿದ್ದೆನೆಂಬುದು ಮರೆತುಹೋಗಿತ್ತು.

ಮೂರು ಮಾದರಿಗಳನ್ನೂ ಬರೆದು ಮುಗಿಸಿದ ದಿನ ಅವುಗಳನ್ನು ನೆಲದ ಮೇಲೆ ಹರಡಿ ನನ್ನನ್ನು ಕರೆದಳು.

"ಮೂರರಲ್ಲೂ ಗಂಟೆ ಸರಿಯಾದ ಕಡೆಗೇ ಹೋಗುತ್ತೆ. ಮೂರೂ ಒಂದೇ. ಈಗ ಕಾಲೇಜು ಅಂದ್ರೆ ಬಿಡುವು ಅನ್ನೋದು ಮೊದಲನೆಯದರಲ್ಲಿ ಎಲ್ಲಿದೆ, ಹುಡುಕು."

ಹುಡುಕಿದೆ. ಸಿಗಲಿಲ್ಲ. ಪುಟಗಳಿದ್ದವು, ಅಂದವಾದ ಪುಟಗಳು. ಅವಳ ಪುಟದಲ್ಲಿ ಗಂಟೆ ಯಾವಾಗಲೂ ಕಾಣುತ್ತಿತ್ತು, ಗಂಡನ ಪುಟದಲ್ಲಿ ಸಂಜೆಯ ಮೇಲೆ ಮಾತ್ರ. ಯಾಕೆಂದು ಎಲ್ಲೂ ಇರಲಿಲ್ಲ. ಎರಡನೆಯದರಲ್ಲಿ ಕೆಲಸಗಳಿದ್ದವು, ಪ್ರತಿ ಕೆಲಸದಿಂದಲೂ 'ಬಿಡುವಿರುವವರು' ಎಂಬ ಒಂದು ಚೌಕಕ್ಕೆ ಬಾಣ. ಬಿಡುವಿರುವವರು ಯಾರೆಂದು ಆ ಚೌಕದ ಹೊಟ್ಟೆಯೊಳಗೆ ಸೇರಿಹೋಗಿತ್ತು. ಮೂರನೆಯದನ್ನು ಹುಡುಕಬೇಕಾಗಿರಲಿಲ್ಲ. ಗಂಡ, ಆಫೀಸು, ಕೆಲಸ. ನಾದಿನಿ, ಅಂಗಡಿ, ಕೆಲಸ. ಆಮೇಲೆ ಅವಳ ಸಾಲುಗಳು. ಕಾಲೇಜು, ಬಿಡುವು. ಅಡುಗೆಮನೆ, ಬಿಡುವು. ಬಚ್ಚಲು, ಬಿಡುವು. ದಾರಿ, ಬಿಡುವು. ಕೊನೆಯವರೆಗೂ ಅದೇ.

"ನಾವೇ ಕೂತು ಹೇಳಿದ್ದು ಇದು, ಆ ಭಾನುವಾರ" ಅಂದಳು. "ಮೊದಲೆರಡರಲ್ಲಿ ನೋಡಿದ್ರೆ ಯಾರೂ ಹೇಳಿದ ಹಾಗೇ ಕಾಣಲ್ಲ. ಲೋಕ ಇರೋದೇ ಹೀಗೆ ಅನ್ನೋ ಥರ ಇದೆ. ಎಲ್ಲರೂ ಯಾವುದು ಬೇಗ ಆಗುತ್ತೆ, ಯಾವುದರಲ್ಲಿ ಚೌಕ ಕಡಿಮೆ ಅಂತ ಹೋಲಿಸ್ತಾರೆ. ಯಾವುದು ಏನನ್ನ ಮುಚ್ಚಿಡುತ್ತೆ ಅಂತ ಯಾಕೆ ಹೋಲಿಸಬಾರದು?"

ಅವಳು ಪಕ್ಷಪಾತ ಮಾಡಲಿಲ್ಲ ಎಂಬುದನ್ನೂ ಹೇಳಬೇಕು. ಮೂರನೆಯ ವಿಧಾನ ಭಾರ, ಒಬ್ಬರು ಹೆಚ್ಚಾದರೆ ಸಾಲುಗಳು ಬಸಳೆ ಬಳ್ಳಿಯಂತೆ ಹಬ್ಬುತ್ತವೆ, ಸಣ್ಣ ಪುಟಕ್ಕೆ ಮೊದಲನೆಯದೇ ವಾಸಿ ಎಂದು ಅವಳೇ ಬರೆದಿದ್ದಳು.

ನಮ್ಮ ಗೈಡ್ ಮೇಷ್ಟ್ರು ಆ ಅಧ್ಯಾಯವನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಬರೆದದ್ದು ಹಿಡಿಸಲಿಲ್ಲವೆಂದೇ ಅರ್ಥ.

"ನೋಡಮ್ಮ, ಇದು ಸಂಸಾರದ ಮಾತಾಯ್ತು. ಪರೀಕ್ಷಕರಿಗೆ ಅಳತೆ ಬೇಕು. ಕಲಿಯೋಕೆ ಎಷ್ಟು ಹೊತ್ತು ಬೇಕು, ಬದಲಿಸಬೇಕಾದ್ರೆ ಎಷ್ಟು ಕಡೆ ಕೈಹಾಕಬೇಕು. ಮುಚ್ಚಿಡೋದು ಅಂದ್ರೇನು? ಅದನ್ನ ಯಾವ ತಕ್ಕಡೀಲಿ ತೂಗ್ತೀಯ?"

"ಹುಡುಕೋಕೆ ಎಷ್ಟು ಕಡೆ ನೋಡಬೇಕಾಯ್ತು ಅಂತ ಲೆಕ್ಕ ಹಾಕಬಹುದು ಸರ್."

"ಹಾಕಬಹುದು. ಆದ್ರೆ ಅತ್ತೆ, ಅಡುಗೆಮನೆ ಅಂತ ಓದಿದ ತಕ್ಷಣ ಅವರು ನಗ್ತಾರೆ. ಮ್ಯೂಸಿಯಂ ಇಟ್ಕೊಂಡು ಇನ್ನೊಂದು ಸಲ ಮಾಡು. ಇದನ್ನ ಬೇಕಾದ್ರೆ ಕೊನೇಲಿ ಅನುಬಂಧ ಅಂತ ಸೇರಿಸು. ಹಾಗೆ ಮಾಡಿದ್ರೆ ನನ್ನ ಸಹಿ."

ಮೇಷ್ಟ್ರು ಕೆಟ್ಟವರಲ್ಲ. ಅವಳು ಪರೀಕ್ಷಕರ ಮುಂದೆ ಬೀಳಬಾರದೆಂದು ನಿಜವಾಗಿಯೂ ಹೆದರಿದ್ದರು. ಆದರೆ ಇನ್ನೊಂದು ಸಲ ಮಾಡುವುದೆಂದರೆ ಮೂರು ಮಾದರಿಗಳನ್ನೂ ಮೊದಲಿಂದ ಬರೆಯುವುದು. ಅದಕ್ಕೆ ಯಾರೂ ತುಂಡು ಮಾಡದ ಹೊತ್ತು ಬೇಕು, ಅವಳಲ್ಲಿ ಇಲ್ಲದ್ದು ಅದೊಂದೇ. ಕೋಣೆಗೆ ಬಂದು ಕೂತವಳು, "ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಆ ಮಧ್ಯದಲ್ಲಿ ನಿಂತಿದೀನಿ. ಪುಲಿಗೂ ನನಗೂ ಪರಿಚಯ, ಅದೊಂದೇ ಸಮಾಧಾನ" ಅಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಎದ್ದು ಹೋದಳು.

ಆ ವಾರವೇ ಅವಳು ತನ್ನ ಸಾಲನ್ನು ಬದಲಿಸಲು ಕೇಳಿದಳು. ಕಾಲೇಜು ಎಂದರೆ ಕೆಲಸ. ಕಚೇರಿಯೇ ಹತ್ತಿರವಾದ್ದರಿಂದ ಗಂಟೆ ಬೀಳುವುದು ಗಂಡನ ಮೇಲೆ, ಅಂದರೆ ಒಪ್ಪಿದರೆ ಅವನ ಸಾಲಿನಲ್ಲಿ ಆಫೀಸು ಬಿಡುವಾಗುತ್ತದೆ. ಒಪ್ಪಿಗೆ ಕೇಳುವ ಪುಟ ಅವನ ಫೋನಿಗೆ ಹೋಯಿತು. ಬಾಯಿಬಿಟ್ಟೂ ಹೇಳಿದಳು. ಅವನು "ನೋಡೋಣ" ಎಂದ.

ಅವನ ಬಗ್ಗೆ ಅನ್ಯಾಯವಾಗಿ ಬರೆಯಲು ನನಗಿಷ್ಟವಿಲ್ಲ. ಬೆಳಿಗ್ಗೆ ಅಮ್ಮನ ತಲೆ ಬಾಚಿ ಜಡೆ ಹಾಕುವವನು ಅವನು. ತರಕಾರಿ ಹೆಚ್ಚುತ್ತಿದ್ದ. ಹೆಂಡತಿಯೊಂದಿಗೆ ಒಂದು ದಿನವೂ ಎತ್ತರದ ಧ್ವನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಜಗಳವಾಡುವವನಾಗಿದ್ದರೆ ಅವಳು ಜಗಳವಾಡಿ ಗೆಲ್ಲುತ್ತಿದ್ದಳೇನೋ. ಒಂದು ಸಂಜೆ ಅವರ ಮನೆಯ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನಾನೇ ಕೇಳಿದೆ.

"ಭಾವ, ಆ ಒಪ್ಪಿಗೆ ಒಂದು ಒತ್ತಿಬಿಡಿ. ವರ್ಷದ ಕೊನೆವರೆಗೆ ಮಾತ್ರ."

"ನಾನು ಬೇಡ ಅಂದಿಲ್ವಲ್ಲಮ್ಮ. ಯೋಚನೆ ಮಾಡ್ತಿದೀನಿ. ಆಫೀಸಲ್ಲಿ ನಾನು ಎದ್ದೆದ್ದು ಬಂದ್ರೆ ಮೇಲಿನವರು ಏನಂತಾರೆ, ಹೇಳು. ಇವಳು ಎದ್ದು ಬಂದ್ರೆ ಕೇಳೋರು ಯಾರಿದಾರೆ?"

ಅದು ನಿಜ. ಅವಳು ಎದ್ದು ಹೋದರೆ ಕೇಳುವವರು ಯಾರೂ ಇರಲಿಲ್ಲ. ಅವಳ ಕಷ್ಟವೇ ಅದಾಗಿತ್ತು.

ನನಗೆ ಸಿಟ್ಟು ಬಂದಿತ್ತು. ಮರುದಿನ ಕೋಣೆಯಲ್ಲಿ ಹೇಳಿದೆ. "ಪುಟ ಬರೆದವಳು ನೀನು. ಒಪ್ಪಿಗೆಯ ನಿಯಮ ಇಟ್ಟವಳೂ ನೀನು. ಒಂದು ಸಾಲು ಅಳಿಸಿ ಹಾಕಿದ್ರೆ ಮುಗೀತು. ಅವರಿಗೆ ಗೊತ್ತಾಗೋದು ಗಂಟೆ ಹೊಡೆದಾಗಲೇ."

"ಗೊತ್ತು."

"ಮತ್ತೆ?"

"ಮೂರು ಮಾದರಿಗೂ ನಿಯಮ ಒಂದೇ ಇದ್ದರೆ ತಾನೆ ಹೋಲಿಕೆ? ನನಗೆ ಕಷ್ಟ ಆಯ್ತು ಅಂತ ತೆಗೆದು, ಆಮೇಲೆ ಅದರ ಬಗ್ಗೆ ಅಧ್ಯಾಯ ಬರೀಲಾ?" ಪೆನ್ಸಿಲಿನ ತುದಿಯನ್ನು ಉಗುರಿನಿಂದ ಕೆರೆದಳು. "ಅದೂ ಅಲ್ಲ ಬಿಡು. ಕದ್ದುಕೊಂಡ ಬಿಡುವಲ್ಲಿ ನನಗೆ ಬರೆಯೋಕೆ ಬರಲ್ಲ ಕಣೆ. ಅವರು ಕೊಡಲಿ. ಕೊಡಬಹುದು ಅಂತ ಅವರಿಗೆ ಅನ್ನಿಸಲಿ."

ಮಧ್ಯೆ ಕೆಲವು ವಾರ ಉಸಿರಾಡುವಷ್ಟು ಗಾಳಿ ಬಂತು. ನಾದಿನಿ ಗುರುವಾರ ಮಧ್ಯಾಹ್ನಗಳನ್ನು ತಾನು ಒಪ್ಪಿಕೊಂಡಳು. ಆ ದಿನ ಅಂಗಡಿಗೆ ಗಿರಾಕಿಗಳು ಕಡಿಮೆ. ಮೊದಲ ಗುರುವಾರ ಬಾಣಕ್ಕ ಕೋಣೆಗೆ ಬಂದು ಕೂತು, ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ನಾನು ಎಬ್ಬಿಸಲಿಲ್ಲ. ಎದ್ದವಳು ಮೊದಲು ಮಾಡಿದ್ದು ಫೋನು ನೋಡಿದ್ದು. ಗಾಣದಿಂದ ಬಿಚ್ಚಿದ ಎತ್ತು ಬಯಲಲ್ಲೂ ಸುತ್ತುತ್ತದೆಯಂತೆ. ಎರಡನೆಯ ಗುರುವಾರದಿಂದ ಕೆಲಸ ಓಡತೊಡಗಿತು. ಮ್ಯೂಸಿಯಮ್ಮಿನ ಮೊದಲ ಮಾದರಿ ಮುಗಿಯಿತು, ಎರಡನೆಯದು ಅರ್ಧಕ್ಕೆ ಬಂತು. ಅಟೆಂಡರ್ ಕೂಡ ಕೇಳಿದ, "ಅಕ್ಕಾವ್ರು ಈಗ ಬಾಣ ಜಾಸ್ತಿ ಬಿಡ್ತಾ ಇದಾರೆ, ಗೆದ್ರಾ?"

ಆಮೇಲೆ ನಾದಿನಿಗೆ ಒಂದು ಶಾಲೆಯ ಸಮವಸ್ತ್ರಗಳ ಗುತ್ತಿಗೆ ಬಂತು. ಅಷ್ಟು ದೊಡ್ಡ ಕೆಲಸ ಅವಳ ಅಂಗಡಿಗೆ ಹಿಂದೆ ಬಂದಿರಲಿಲ್ಲ. "ಅತ್ತಿಗೆ, ಬೇಜಾರು ಮಾಡ್ಕೋಬೇಡಿ, ಇದೊಂದು ಮುಗಿಯೋವರೆಗೆ" ಅಂದಳು. ಗುರುವಾರ ವಾಪಸಾಗಬೇಕಾದರೂ ಅದು ಯಾರ ಮೇಲೆ ಬೀಳುತ್ತದೋ ಅವರು ಒಪ್ಪಬೇಕು. ಒಪ್ಪಿಗೆಯ ಪುಟ ಬಾಣಕ್ಕನ ಫೋನಿಗೆ ಬಂತು, ನನ್ನ ಕಣ್ಣೆದುರಿಗೇ. ಬಂದ ಕ್ಷಣದಲ್ಲೇ ಒತ್ತಿದಳು.

"ಒಂದು ದಿನ ಸುಮ್ಮನಿದ್ದು ನೋಡಬಾರದಾ? ಭಾವನ ಥರ ನೋಡೋಣ ಅನ್ನಬಾರದಾ?" ಅಂದೆ.

"ಅವಳ ಹೊಟ್ಟೆ ಮೇಲೆ ಹೊಡೀಲಾ? ನೋಡೋಣ ಅನ್ನೋದನ್ನ ನನಗೆ ಯಾರೂ ಕಲಿಸಲಿಲ್ಲ ಕಣೆ" ಅಂದಳು. ನಗಲಿಲ್ಲ.

ವರ್ಷದ ಕೊನೆ ಹತ್ತಿರ ಬಂತು. ಅವಳ ಮುಖ ಸಣ್ಣದಾಯಿತು. ಬರೆಯುವಾಗ ಎಡಗೈಯಿಂದ ಹೊಟ್ಟೆ ಒತ್ತಿಕೊಂಡು ಕೂರುತ್ತಿದ್ದಳು. ಏನೆಂದರೆ ವಾಯು ಎನ್ನುತ್ತಿದ್ದಳು. ಡಾಕ್ಟರ ಹತ್ತಿರ ಹೋಗೋಣವೆಂದರೆ, ಅಲ್ಲಿ ಸರತಿಯಲ್ಲಿ ಕೂತಾಗ ಗಂಟೆ ಹೊಡೆದರೆ ಏನು ಮಾಡಲಿ ಎಂದು ಕೇಳುತ್ತಿದ್ದಳು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಬಗ್ಗಿದವಳಿಗೆ ಏಳಲಾಗಲಿಲ್ಲ. ಗಂಡನೇ ಎತ್ತಿಕೊಂಡು ಆಸ್ಪತ್ರೆಗೆ ಹೋದ. ಕರುಳಿನ ಪಕ್ಕದ ಒಂದು ಬಾವು ಒಡೆದು ಕೀವು ಹೊಟ್ಟೆಯಲ್ಲೆಲ್ಲ ಹರಡಿತ್ತು. ಶಸ್ತ್ರಚಿಕಿತ್ಸೆ ಮಾಡಿದರು.

ನಾನು ಹೋದಾಗ ಎಚ್ಚರವಾಗಿದ್ದಳು. ಗಂಡ ಔಷಧಿ ತರಲು ಹೋಗಿದ್ದ. ಮಾತಾಡಬೇಡವೆಂದು ನರ್ಸ್ ಹೇಳಿದ್ದರೂ ಮಾತಾಡಿದಳು, ಪರೀಕ್ಷಕರು ಯಾರಾಗಬಹುದು, ಅನುಬಂಧದಲ್ಲಿ ಯಾವ ಚಿತ್ರ ಇರಬೇಕು ಎಂದು. ಅಷ್ಟರಲ್ಲಿ ದಿಂಬಿನ ಕೆಳಗೆ ಫೋನು ಹೊಡೆದುಕೊಂಡಿತು. ಅತ್ತೆಯ ಗಂಟೆ.

ಅವಳು ಮೊದಲು ನನ್ನನ್ನು ನೋಡಿದಳು, ಆಮೇಲೆ ನಗತೊಡಗಿದಳು. ಹೊಲಿಗೆ ನೋಯುತ್ತಿತ್ತೇನೋ, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನೋಡೆ. ಆಸ್ಪತ್ರೆ ನಮ್ಮ ಸಾಲುಗಳಲ್ಲಿ ಇಲ್ಲ. ಸಾಲಲ್ಲಿ ಇಲ್ಲದ ಜಾಗ ಬಂದ್ರೆ ಬಿಡುವು ಅಂತ ತಗೋಬೇಕು ಅಂತ ನಾನೇ ಬರೆದಿದೀನಿ. ಎಲ್ಲರೂ ಹಾಗೇ ಬರೆಯೋದು. ಮ್ಯೂಸಿಯಮ್ಮಲ್ಲಿ ಅದರಿಂದ ಯಾರಿಗೂ ಏನೂ ಆಗಲ್ಲ." ನಗು ನಿಂತ ಮೇಲೆ, "ಇದು ಅಧ್ಯಾಯದಲ್ಲಿ ಬರಬೇಕು, ನೆನಪಿಡು. ಈಗ ನೀನು ಹೋಗಿ ಅವರಿಗೆ ಏನು ಬೇಕು ಅಂತ ನೋಡ್ತೀಯಾ?" ಅಂದಳು.

ಹೋದೆ. ನಾದಿನಿ ಅಂಗಡಿಗೆ ಬೀಗ ಹಾಕಿ ಬರಲು ಹೋಗಿದ್ದಳು. ಅತ್ತೆ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಮಲಗಿದ್ದರು.

"ಏನು ಬೇಕಿತ್ತಮ್ಮ?" ಎಂದು ಕೇಳಿದೆ.

"ನನಗೇನೂ ಬೇಡ ಮಗಾ. ಅವಳಿಗೆ ಹೇಗಿದೆ ಅಂತ ಕೇಳೋಣ ಅಂತ ಒತ್ತಿದೆ. ನನ್ನ ಹತ್ರ ಇರೋದು ಇದೊಂದೇ."

ಸೋಂಕು ರಕ್ತಕ್ಕೆ ಏರಿತು. ಆ ವಾರ ಮುಗಿಯುವ ಮೊದಲೇ ಅವಳು ಹೋದಳು.

ನೋಂದಣಿಯ ಅವಧಿಯೂ ಮುಗಿಯಿತು. ಮೇಷ್ಟ್ರು ಅವಳ ಅಧ್ಯಾಯವನ್ನು ತಮ್ಮ ಕಪಾಟಿನಿಂದ ತೆಗೆದು ನನ್ನ ಕೈಗೆ ಕೊಟ್ಟರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಕೋಣೆಯಲ್ಲಿ ಅವಳ ಮೇಜು ಹಾಗೇ ಇದೆ. ಅಟೆಂಡರ್ ಅದರ ಕೆಳಗೆ ಈಗಲೂ ಗುಡಿಸುತ್ತಾನೆ, ಏನೂ ಸಿಗುವುದಿಲ್ಲ.

ಕಳೆದ ಭಾನುವಾರ ಅವಳ ಗಂಡ ಫೋನು ಮಾಡಿದ. "ಒಂದು ಸಲ ಬಂದು ಹೋಗಮ್ಮ. ಅವಳ ಹೆಸರನ್ನ ಆ ಪುಟದಿಂದ ತೆಗೆದುಬಿಡು."

ನಡುಮನೆಯ ಶೆಲ್ಫಿನ ಮೇಲೆ ಅವಳ ಫೋನು ಇತ್ತು, ಚಾರ್ಜಿಗೆ ಹಾಕಿದ್ದ. ಫೋನು ಮನೆಯಲ್ಲಿದ್ದರೆ ಅವಳು ಮನೆಯಲ್ಲಿದ್ದಾಳೆ ಎಂದೇ ಪುಟದ ಲೆಕ್ಕ. ಹಿಂದಿನ ಸಲ ಬಂದವಳೂ ಅವಳೇ. ಅತ್ತೆ ಒತ್ತಿದಾಗಲೆಲ್ಲ ಗಂಟೆ ಹೊಡೆಯುತ್ತಿದ್ದದ್ದು ಆ ಶೆಲ್ಫಿನ ಮೇಲೆ. ಯಾರ ಕಿವಿಗೆ ಬಿತ್ತೋ ಅವರು ಎದ್ದು ಹೋಗುತ್ತಿದ್ದರು. 'ಬಂದೆ' ಎಂಬುದನ್ನು ಯಾರೂ ಒತ್ತುತ್ತಿರಲಿಲ್ಲ. ತಾನೇ ಹೊಡೆದು ಹೊಡೆದು ಸುಮ್ಮನಾಗುತ್ತಿತ್ತು.

"ನೋಡೋಕಾಗ್ತಿಲ್ಲ" ಅಂದ. "ಆರಿಸಿಡೋಣ ಅಂತ ಕೈಗೆ ತಗೋತೀನಿ, ಅದೂ ಆಗಲ್ಲ."

ಕಂಪ್ಯೂಟರಿನಲ್ಲಿ ಅವನ ಪುಟ ತೆರೆದು ಮುಂದಿಟ್ಟೆ. "ಹೆಸರು ತೆಗೀಬೇಕಾದ್ರೆ ಅವಳ ಸಾಲುಗಳನ್ನ ಇನ್ನೊಬ್ಬರು ಒಪ್ಪಿಕೊಳ್ಳಬೇಕು ಭಾವ. ಒಂದು ಒಪ್ಪಿಗೆ ಆಗಲೇ ನಿಮ್ಮ ಹತ್ರ ಬಂದು ಕೂತಿದೆ. ಅದನ್ನ ಒತ್ತಿದ್ರೆ ಉಳಿದದ್ದು ಸುಲಭ."

ಅವನು ಓದಿದ. ಕಾಲೇಜು, ಕೆಲಸ. ಅದರ ಕೆಳಗೆ ಅವನ ಸಾಲು. ಆಫೀಸು, ಬಿಡುವು. ಇನ್ನೊಂದು ಸಲ ಓದಿದ.

"ಇದೇ ಏನು ಅವಳು ಕಳಿಸಿದ್ದು?"

"ಇದೇ."

"ಇಷ್ಟೇನಾ? ನಾನು ಏನೋ ದೊಡ್ಡದು ಅಂದ್ಕೊಂಡಿದ್ದೆ. ತೆರೆದೇ ನೋಡಿರಲಿಲ್ಲ."

ಪರದೆಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದ.

"ನೀನೇ ಒಳಗಿಂದ ಏನಾದ್ರೂ ಮಾಡಿ ತೆಗೆಯೋಕಾಗಲ್ವಾ?"

"ಆಗುತ್ತೆ. ಅವಳೂ ಮಾಡಬಹುದಿತ್ತು."

ಅವನ ಕೈ ಮೇಜಿನ ಅಂಚಿನಲ್ಲೇ ಇತ್ತು. ಒಪ್ಪಿಗೆ ಎಂಬುದು ಬೆರಳಿಗೆ ಎಟಕುವಷ್ಟು ದೂರ. ಅದನ್ನು ಒತ್ತಿದರೆ ಅವಳು ಈ ಮನೆಯಿಂದ ಬಿಡುಗಡೆಯಾಗುತ್ತಾಳೆ, ಅವಳ ಹೆಸರೂ ಹೋಗುತ್ತದೆ. ಎರಡರಲ್ಲಿ ಯಾವುದು ಅವನನ್ನು ತಡೆಯುತ್ತಿತ್ತೋ ನನಗೆ ತಿಳಿಯಲಿಲ್ಲ.

ಒಳಗೆ ಅತ್ತೆ ಗುಂಡಿ ಒತ್ತಿದರು. ಶೆಲ್ಫಿನ ಮೇಲೆ ಫೋನು ಹೊಡೆದುಕೊಳ್ಳತೊಡಗಿತು. ಅವನು ಎದ್ದು, ಅದನ್ನು ವೈರಿನಿಂದ ಬಿಡಿಸಿ ಕೈಗೆ ತೆಗೆದುಕೊಂಡ. ಈ ಸಲ ಅದು ತಾನಾಗಿ ನಿಲ್ಲಲಿ ಎಂದು ಬಿಡಲಿಲ್ಲ. ಹೆಬ್ಬೆರಳಿನಿಂದ 'ಬಂದೆ' ಒತ್ತಿ, ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಒಳಗೆ ಹೋದ. "ಯಾವ ಕಡೆಗೆ ತಿರುಗಿಸಲಮ್ಮ?" ಎಂದು ಕೇಳುವುದು ಕೇಳಿಸಿತು.

ಮೇಜಿನ ಮೇಲೆ ತೆರೆದಿದ್ದ ಪುಟದಲ್ಲಿ ಅವಳ ಹೆಸರಿನ ಎದುರು ಬಂದಳು ಎಂದು ದಾಖಲಾಯಿತು. ಒಪ್ಪಿಗೆ ಹಾಗೇ ಕಾಯುತ್ತಿತ್ತು. ನಾನು ಯಾವುದನ್ನೂ ಮುಟ್ಟದೆ ಕಂಪ್ಯೂಟರ್ ಮುಚ್ಚಿದೆ.